ಬೆಟ್ಟದ ಕೆರೆಯೂ ನಮ್ಮ ಮಲಯಾಳವೂ

ಬೇಸಗೆ ರಜೆ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಈಗ ಒಂದು ಹೊಸ ಮಾತು ಕೇಳಿಬರುತ್ತದೆ. "ಏನೂ ಪ್ಲಾನ್ ಇರಲಿಲ್ಲ. ಸುಮ್ಮನೆ ಹೊರಟೆವು. ಬೆಟ್ಟದ ಮೇಲೆ ಕೆರೆಯ ಪಕ್ಕ ಟೆಂಟ್ ಹಾಕಿ ಮಲಗಿದೆವು." ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ, ಬ್ಯಾಂಕಿನ ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತಿರುವಾಗ, ಬಸ್ಸಿನಲ್ಲಿ ಪಕ್ಕದ ಸೀಟಿನವರು ಫೋನಿನಲ್ಲಿ ಮಾತನಾಡುವಾಗ ಈ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಕಾಶಿಗೆ ಹೋಗಿ ಬಂದವರಿಗೂ ಇಲ್ಲದ ಹೆಮ್ಮೆ. ಎಲ್ಲಿಗೆ ಹೋದೆವು, ಏನು ನೋಡಿದೆವು ಎಂಬುದಕ್ಕಿಂತ ಏನನ್ನೂ ಯೋಚಿಸದೆ ಹೋದೆವು ಎಂಬುದೇ ಅವರಿಗೆ ದೊಡ್ಡ ಸಂಗತಿ. ಸಿದ್ಧತೆ ಇಲ್ಲದಿರುವುದೇ ಒಂದು ಸಿದ್ಧಿ!

ಈ ಹೆಮ್ಮೆ ಸಲ್ಲದು ಎಂದು ನಾನು ವಾದಿಸಹೊರಟಿದ್ದೇನೆ. ಯಾರಿಗೂ ಸಲ್ಲದು, ಗಡಿನಾಡ ಕನ್ನಡಿಗರಾದ ನಮಗಂತೂ ಅದರಲ್ಲಿ ಪಾಲುಗೊಳ್ಳುವುದು ಕೊಂಚವೂ ಸಲ್ಲದು. ನಮ್ಮನ್ನೇ ಏಕೆ ಬೇರೆಯಾಗಿ ಹೆಸರಿಸುತ್ತೀರಿ ಎಂದು ಓದುಗರು ಕೇಳಬಹುದು. ಕಾರಣವಿದೆ. ಬೆಂಗಳೂರು, ಮಂಗಳೂರು, ಪುತ್ತೂರುಗಳಿಂದ ನಮ್ಮ ನೆಂಟರಿಷ್ಟರು ವಯನಾಡಿನ ಬೆಟ್ಟಗಳಿಗೆ ಹೊರಟಾಗ ನಮ್ಮನ್ನು ಕರೆದುಕೊಂಡು ಹೋಗುವುದು ಪ್ರೀತಿಯಿಂದ ಮಾತ್ರವಲ್ಲ. ನಮಗೆ ಮಲಯಾಳ ಬರುತ್ತದೆ. ಚೆಕ್‌ಪೋಸ್ಟಿನಲ್ಲಿ, ಕಾಡಿನ ಗೇಟಿನಲ್ಲಿ, ಎಸ್ಟೇಟಿನ ಮೇಸ್ತ್ರಿಯ ಬಳಿಯಲ್ಲಿ ಎರಡು ಮಾತು ಆಡಿ ಕೆಲಸ ಸಾಧಿಸಿಕೊಡುವವರು ನಾವು. ಕರ್ನಾಟಕದ ಕಾರು, ಕಾಸರಗೋಡಿನ ನಾಲಿಗೆ. ಇವೆರಡು ಕೂಡಿದರೆ ಮುಚ್ಚಿದ ಗೇಟೂ ತೆರೆಯುತ್ತದೆ ಎಂಬ ನಂಬಿಕೆ ನಮ್ಮ ನೆಂಟರಲ್ಲಿ ಬೇರೂರಿದೆ. ಆ ನಂಬಿಕೆಯನ್ನು ಹುಸಿ ಮಾಡುವುದು ನಮ್ಮ ಕರ್ತವ್ಯ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಹೇಳದೆ ಕೇಳದೆ ಹೊರಡುವುದು ನಮಗೆ ಹೊಸದೇನೂ ಅಲ್ಲ. ನಮ್ಮ ತಂದೆಯವರ ಕಾಲದಲ್ಲಿ ಬೇಸಗೆಯ ಪ್ರಯಾಣವೆಂದರೆ ಇದ್ದಕ್ಕಿದ್ದಂತೆ ನೆಂಟರ ಮನೆಗೆ ಹೋಗುವುದೇ ಆಗಿತ್ತು. ಕತ್ತಲಾಗುವ ಹೊತ್ತಿಗೆ ನಾಲ್ಕು ಜನ ಅಂಗಳದಲ್ಲಿ ನಿಂತರೆ ಒಳಗೆ ಸಾರಿಗೆ ಇನ್ನಷ್ಟು ನೀರು ಬೀಳುತ್ತಿತ್ತು, ಅಟ್ಟದಿಂದ ಚಾಪೆ ಇಳಿಯುತ್ತಿತ್ತು. ಆ ದಿಢೀರ್ ಪ್ರಯಾಣ ಸಾಧ್ಯವಾದದ್ದು ಅತ್ತ ಕಡೆ ಒಂದು ಮನೆ, ಆ ಮನೆಯಲ್ಲಿ ಎದ್ದು ಒಲೆ ಹಚ್ಚುವ ಒಬ್ಬಾಕೆ ಇದ್ದುದರಿಂದ. ಬೆಟ್ಟದ ಕೆರೆಯ ದಂಡೆಯಲ್ಲಿ ನಮಗಾಗಿ ಯಾರೂ ಚಾಪೆ ಇಳಿಸುವುದಿಲ್ಲ. ಅಲ್ಲಿರುವವರಿಗೆ ನಾವು ನೆಂಟರಲ್ಲ. ನೆಂಟರ ಮನೆಯ ಸಲಿಗೆಯನ್ನು ಕಾಡಿನಲ್ಲಿ ತೋರಿಸಿದರೆ ಅದು ಸಲಿಗೆಯಲ್ಲ, ಅತಿಕ್ರಮಣ.

ನಾನು ಬ್ಯಾಂಕಿನ ಗುಮಾಸ್ತ. ಯಾವುದೇ ಹಣ ಹೊರಗೆ ಹೋದರೆ ಅದು ಯಾರ ಖಾತೆಗೆ ಖರ್ಚು ಎಂದು ನೋಡುವುದು ನನ್ನ ಹೊಟ್ಟೆಪಾಡು. ಹಾಗೆ ನೋಡಿದರೆ ಈ ಪ್ಲಾನ್ ಇಲ್ಲದ ಪ್ರವಾಸಗಳಲ್ಲಿ ಪ್ಲಾನ್ ಇಲ್ಲದಿರುವುದು ಗಂಡಸರಿಗೆ ಮಾತ್ರ. ರಾತ್ರಿ ಹತ್ತು ಗಂಟೆಗೆ "ಬೆಳಿಗ್ಗೆ ಹೊರಡುವ" ಎಂದು ಇವರು ಹೇಳಿ ಮಲಗುತ್ತಾರೆ. ಅಕ್ಕಿ, ಉಪ್ಪಿನಕಾಯಿ, ಮಗುವಿನ ಜ್ವರದ ಮದ್ದು, ಅತ್ತೆಯ ಮಾತ್ರೆ, ಹಟ್ಟಿಯ ದನಕ್ಕೆ ಹುಲ್ಲು ಹಾಕುವವರಿಗೆ ಹೇಳಿಕಳಿಸುವುದು, ಇಷ್ಟೂ ಆಗುವುದು ಹನ್ನೆರಡು ಗಂಟೆಯ ತನಕ ಎದ್ದಿರುವವರಿಂದ. ಕೆರೆದಂಡೆಯ ರಾತ್ರಿ ಎಷ್ಟೊಂದು ಚಂದ ಎಂದು ಬಣ್ಣಿಸುವವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಹೆಂಗಸರು ರಾತ್ರಿ ಎಲ್ಲಿಗೆ ಹೋದರು? ಉತ್ತರ ಬರುವುದಿಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದು ಪೊದೆಯ ಹಿಂದೆ ಹೋಗಿ ಬಂದವಳಿಗೆ ನಕ್ಷತ್ರ ಕಾಣುವುದಿಲ್ಲ ಸ್ವಾಮಿ, ಹಾವು ಕಾಣುತ್ತದೆ. ಮರುದಿನ ಬೆಳಿಗ್ಗೆ ಒಡೆದ ಬಾಟಲಿ, ತಿಂಡಿಯ ಪೊಟ್ಟಣ, ಅರ್ಧ ಉರಿದ ಕೊಳ್ಳಿಗಳನ್ನು ಹೆಕ್ಕುವ ವಾಚರ್ ಅಥವಾ ಎಸ್ಟೇಟಿನ ಹೆಂಗಸಿನ ಲೆಕ್ಕ ಇನ್ನೂ ಬೇರೆ. ಒಬ್ಬರ ಸ್ವಚ್ಛಂದವನ್ನು ಇನ್ನಾರೋ ದುಡಿದು ತೀರಿಸುತ್ತಿದ್ದಾರೆ.

ಇದು ಮನುಷ್ಯರ ಲೆಕ್ಕವಾಯಿತು. ಇನ್ನು ಕೆರೆಯ ಲೆಕ್ಕ ನೋಡೋಣ.

ಬೇಸಗೆಯಲ್ಲಿ ಬೆಟ್ಟದ ಕೆರೆ ನಮಗೆ ಏಕೆ ಹಿಡಿಸುತ್ತದೆ? ಕೆಳಗೆ ಬಾವಿ ತಳ ಕಂಡಿರುತ್ತದೆ, ಹೊಳೆ ಬತ್ತಿರುತ್ತದೆ, ಸೆಕೆಗೆ ಮೈಯೆಲ್ಲ ಬೆಂದಿರುತ್ತದೆ. ಮೇಲೆ ಹೋದರೆ ತಂಪು, ನೀರು, ನೆರಳು, ನೀರ ಸುತ್ತ ಹಸಿರು ಹುಲ್ಲು. ಈ ಕಾರಣಗಳನ್ನು ಒಮ್ಮೆ ಆನೆಯ ಕಡೆಯಿಂದ ಓದಿ ನೋಡಿ. ಒಂದಕ್ಷರವೂ ಬದಲಾಗುವುದಿಲ್ಲ. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಬಂಡೀಪುರ, ನಾಗರಹೊಳೆ, ಮುದುಮಲೆಗಳ ಒಣಕಾಡಿನಲ್ಲಿ ಸಣ್ಣಪುಟ್ಟ ಗುಂಡಿಗಳೆಲ್ಲ ಬತ್ತಿದಾಗ ಆನೆಗಳು ಕಬಿನಿಯ ಹಿನ್ನೀರಿನತ್ತಲೂ ವಯನಾಡಿನ ಹಸಿಕಾಡಿನತ್ತಲೂ ಸರಿಯುತ್ತವೆ. ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕಾದ ಪ್ರಾಣಿ ಅದು. ಮಳೆಗಾಲದಲ್ಲಿ ಅದಕ್ಕೆ ನೂರು ಕಡೆ ನೀರಿದೆ. ಬೇಸಗೆಯಲ್ಲಿ ಇರುವುದು ಬೆರಳೆಣಿಕೆಯ ಕಡೆ. ಅದು ನೀರಿಗೆ ಇಳಿಯುವುದು ಹೆಚ್ಚಾಗಿ ಸಂಜೆ, ರಾತ್ರಿ, ಮುಂಜಾವದಲ್ಲಿ. ಅದರ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ಹಲಸು ಹಣ್ಣಾಗುವ ಕಾಲವೂ ಅದೇ. ಬರುವಾಗ ದಾರಿಯಲ್ಲಿ ಕೊಂಡ ಹಲಸಿನ ಹಣ್ಣನ್ನು ಡೇರೆಯೊಳಗಿಟ್ಟು ಮಲಗುವವರು, ತಿಳಿಯದೆ, ಆನೆಗೆ ಕರೆಯೋಲೆ ಬರೆದಿಟ್ಟಿರುತ್ತಾರೆ.

ಆದುದರಿಂದ ಬೇಸಗೆಯ ರಾತ್ರಿ ಬೆಟ್ಟದ ಕೆರೆಯ ದಂಡೆ ಎಂಬುದು ಡೇರೆ ಹಾಕಲು ಸ್ವಲ್ಪ ಅಪಾಯದ ಜಾಗವಲ್ಲ. ವರ್ಷದ ಎಲ್ಲ ಕಾಲಗಳಲ್ಲಿ, ಬೆಟ್ಟದ ಎಲ್ಲ ಜಾಗಗಳಲ್ಲಿ, ದಿನದ ಎಲ್ಲ ಹೊತ್ತುಗಳಲ್ಲಿ ಹುಡುಕಿ ಆರಿಸಿದರೂ ಇದಕ್ಕಿಂತ ಕೆಟ್ಟ ಆಯ್ಕೆ ಸಿಗಲಾರದು. ನಾವು ಅಲ್ಲಿ ಮಲಗಿದರೆ ನಮಗೇನಾಗುತ್ತದೆ ಎಂಬುದು ಅರ್ಧ ಪ್ರಶ್ನೆ. ಬೆಂಕಿ ಉರಿಯುತ್ತಿದೆ, ಹಾಡು ಕೇಳುತ್ತಿದೆ ಎಂದು ಹತ್ತು ಮೈಲಿ ನಡೆದು ಬಂದ ಹಿಂಡು ಮರಿಗಳೊಂದಿಗೆ ನೀರು ಕುಡಿಯದೆ ಹಿಂತಿರುಗಿದರೆ ಅದೆಲ್ಲಿಗೆ ಹೋಗುತ್ತದೆ ಎಂಬುದು ಉಳಿದರ್ಧ. ಅದು ಹೋಗುವುದು ಯಾರದೋ ಬಾಳೆತೋಟಕ್ಕೆ, ಯಾರದೋ ಅಂಗಳಕ್ಕೆ. ನಾವು ಬೆಳಿಗ್ಗೆ ಫೋಟೋ ತೆಗೆದು ಊರಿಗೆ ಹಿಂತಿರುಗುತ್ತೇವೆ. ಆ ಅಂಗಳದವರು ಅಲ್ಲೇ ಇರುತ್ತಾರೆ.

ನಾನು ಸುಮ್ಮನೆ ಹೆದರಿಸುತ್ತಿಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ರಾತ್ರಿ ಡೇರೆಯಲ್ಲಿ ತಂಗಿದ್ದ ಕಣ್ಣೂರಿನ ತರುಣಿಯೊಬ್ಬರನ್ನು ಆನೆ ಕೊಂದಿತು. ಅದಾದ ಮೇಲೆ ಪರವಾನಿಗೆ ಇಲ್ಲದ ಡೇರೆಗಳ ತಪಾಸಣೆ ನಡೆಯಿತು, ಪತ್ರಿಕೆಗಳಲ್ಲಿ ನಾಲ್ಕು ದಿನ ಸುದ್ದಿ ಬಂತು. 2025ರ ಮೇ ತಿಂಗಳಲ್ಲಿ ಅದೇ ಮೇಪ್ಪಾಡಿ ಸಮೀಪದ ತೊಳ್ಳಾಯಿರಂಕಂಡಿಯಲ್ಲಿ ಪ್ರವಾಸಿಗರಿಗಾಗಿ ಕಟ್ಟಿದ್ದ ಹುಲ್ಲು ಹೊದಿಕೆಯ ಡೇರೆಮನೆ ಕುಸಿದು ಇನ್ನೊಬ್ಬ ತರುಣಿ ತೀರಿಕೊಂಡರು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿನ ನಡುವೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಸತ್ತರು. ಆ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಇರಲಿಲ್ಲ. ಒಂದು ಸಾವು ಆನೆಯಿಂದ, ಒಂದು ಕಟ್ಟಡದಿಂದ, ಉಳಿದವು ಬೆಂಕಿಯಿಂದ. ಕಾರಣಗಳು ಬೇರೆ ಬೇರೆ ನಿಜ. ಆದರೆ ಯಾರೋ ಒಬ್ಬರು "ಏನೂ ಆಗುವುದಿಲ್ಲ, ಬನ್ನಿ" ಎಂದಿದ್ದ ಮಾತು ಎಲ್ಲ ಕಡೆಯೂ ಒಂದೇ ಆಗಿದ್ದಿರಬೇಕು.

ಈಗ ನಾನು ಕಣ್ಣಾರೆ ಕಂಡ ಒಂದು ಸಂಗತಿ. 2019ರ ಮೇ ತಿಂಗಳ ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ಹಿಂದಿನ ರಾತ್ರಿ ಬೆಂಗಳೂರಿನಿಂದ ಅಕ್ಕನ ಮಗ ತನ್ನ ಮೂವರು ಗೆಳೆಯರೊಂದಿಗೆ ಬಂದಿಳಿದ. ಕಾರಿನ ಡಿಕ್ಕಿಯಲ್ಲಿ ಎರಡು ಟೆಂಟ್. "ಮಾವ, ಚೆಂಬ್ರ ಬೆಟ್ಟದ ಮೇಲೆ ಹೃದಯದ ಆಕಾರದ ಕೆರೆ ಇದೆಯಂತೆ. ನಾಳೆ ರಾತ್ರಿ ಅಲ್ಲೇ. ನೀವು ಬರಲೇಬೇಕು" ಎಂದ. ರಾತ್ರಿ ಅಲ್ಲಿ ತಂಗಲು ಬಿಡುವುದಿಲ್ಲ ಎಂದು ನಾನು ಆಗಲೇ ಹೇಳಿದೆ. "ಅದಕ್ಕೇ ಅಲ್ವಾ ನೀವು ಬೇಕಾಗಿರೋದು" ಎಂದು ನಕ್ಕ. ಮಕ್ಕಳು ವಯನಾಡು ನೋಡಲಿ, ಡೇರೆಯ ಮಾತು ಅಲ್ಲಿಯೇ ತೀರ್ಮಾನವಾಗಲಿ ಎಂದು ನನ್ನಾಕೆಯನ್ನೂ ಮಗಳನ್ನೂ ಕರೆದುಕೊಂಡು ನಮ್ಮ ಕಾರಿನಲ್ಲಿ ಹೊರಟೆ. ಏಳೆಂಟು ಗಂಟೆಯ ದಾರಿ. ಮೇಪ್ಪಾಡಿಯಿಂದ ಮೇಲೆ ಚಾ ತೋಟಗಳ ನಡುವೆ ಹತ್ತಿ ಗೇಟಿನ ಬಳಿ ನಿಂತಾಗ ನಾಲ್ಕು ಗಂಟೆ ಕಳೆದಿತ್ತು.

ಗೇಟಿನ ಪಕ್ಕ ಒಂದು ಫಲಕವಿತ್ತು. ಬೆಂಗಳೂರಿನ ಹುಡುಗರು ಅದರ ಮುಂದೆಯೇ ನಿಂತು ಫೋಟೋ ತೆಗೆಯುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಅವರಿಗೆ ತಿಳಿಯದು. ನನ್ನ ಮಗಳು ಓದುತ್ತಿದ್ದುದು ಕನ್ನಡ ಮಾಧ್ಯಮದಲ್ಲಿ. ಆದರೂ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದಿ ಓದಿ ಮಲಯಾಳ ಕಲಿತವಳು. ಅವಳೇ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದಳು: ಆನೆಗಳಿರುವ ಜಾಗ, ಬೆಂಕಿ ಹಚ್ಚಬಾರದು, ಹೊತ್ತು ಮೀರಿ ಹತ್ತಬಾರದು. ಹುಡುಗರು ಫೋನು ಕೆಳಗಿಳಿಸಿದರು.

ಒಳಗಿನಿಂದ ವಾಚರ್ ಬಂದರು. ಐವತ್ತು ದಾಟಿದ ಮನುಷ್ಯ. ಹತ್ತುವ ಹೊತ್ತು ಮುಗಿಯಿತು, ರಾತ್ರಿ ಯಾರನ್ನೂ ಮೇಲೆ ಬಿಡುವುದಿಲ್ಲ ಎಂದರು. ಅಳಿಯ ನನ್ನ ತೋಳು ಹಿಡಿದು ಬದಿಗೆ ಎಳೆದ. "ಮಾವ, ಅವರ ಭಾಷೆಯಲ್ಲೇ ಸ್ವಲ್ಪ ಹೇಳಿ ನೋಡಿ. ಏನಾದರೂ ಕೊಟ್ಟರೆ ಆಗುತ್ತಾ ಕೇಳಿ." ನಾನು ಅವನಿಗೆ ಇಷ್ಟೇ ಹೇಳಿದೆ: "ಅವರು ಹೇಳಿದ್ದನ್ನು ನಿನಗೆ ಹೇಳುತ್ತೇನೆ. ನೀನು ಹೇಳಿದ್ದನ್ನು ಅವರಿಗೆ ಹೇಳುವುದಿಲ್ಲ." ನಮ್ಮ ಗುಸುಗುಸು ಕೇಳಿ ವಾಚರ್ ಬೇಸರಪಡಲಿಲ್ಲ. ನನ್ನ ಕಡೆ ತಿರುಗಿ ಶಾಂತವಾಗಿ, "ರಾತ್ರಿ ಅದ್ ಅವರುಡೆ ಸ್ಥಲಮಾಣ್ ಸಾರೇ" ಎಂದರು. ರಾತ್ರಿ ಅದು ಅವರ ಜಾಗ. ಅವರ ಎಂದರೆ ಯಾರ ಎಂದು ಕೇಳುವ ಅಗತ್ಯವಿರಲಿಲ್ಲ. ಆ ರಾತ್ರಿ ಕಲ್ಪೆಟ್ಟದ ಒಂದು ಲಾಡ್ಜಿನಲ್ಲಿ ಉಳಿದು, ಮರುದಿನ ಪೂಕೋಡು ಕೆರೆ ನೋಡಿ ಹಿಂತಿರುಗಿದೆವು. ಟ್ರಿಪ್ ಹಾಳಾಯಿತು ಎಂದು ಅಳಿಯ ಬಹಳ ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಇರಲಿ.

ಆ ವಾಚರ್ ಹೇಳಿದ ಮಾತಿನಷ್ಟು ಸ್ಪಷ್ಟವಾದ ನ್ಯಾಯವನ್ನು ನಾನು ಬೇರೆಲ್ಲೂ ಕೇಳಿಲ್ಲ. ಹಗಲು ನಮಗೆ, ರಾತ್ರಿ ಅವಕ್ಕೆ. 2009ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ವಾಹನ ತಡೆದಿರುವುದೂ ಇದೇ ನ್ಯಾಯದಿಂದ. ಅದರ ಬಗ್ಗೆ ಈ ವಾರ್ಷಿಕದ ಕನ್ನಡ ಪುಟಗಳವರಿಗೂ ಮಲಯಾಳ ಪುಟಗಳವರಿಗೂ ಎರಡು ಅಭಿಪ್ರಾಯಗಳಿರಬಹುದು. ಆಸ್ಪತ್ರೆಗೆ ಓಡುವವರ, ತರಕಾರಿ ಲಾರಿಯವರ ಕಷ್ಟ ನಾನು ಅಲ್ಲಗಳೆಯುವುದಿಲ್ಲ. ಆದರೆ ಜೀವನೋಪಾಯಕ್ಕಾಗಿ ಓಡುವ ಲಾರಿಯನ್ನೇ ರಾತ್ರಿ ನಿಲ್ಲಿಸಬಹುದಾದರೆ, ಮೋಜಿಗಾಗಿ ಹಾಕುವ ಡೇರೆಯನ್ನು ನಿಲ್ಲಿಸಲು ಹಿಂದೆಮುಂದೆ ನೋಡಬೇಕೇ?

ಇಲ್ಲಿ ನಮ್ಮವರು ಒಂದು ಭಾವನಾತ್ಮಕವಾದ ವಾದ ಹೂಡುತ್ತಾರೆ. "ಗಡಿ ಎಂದರೇನು ಮಾರಾಯ್ರೇ, ನಮ್ಮನ್ನು ಕೇಳಿಯೇ ಎಳೆದದ್ದಾ?" 1956ರ ನವೆಂಬರ್ 1ರಂದು ನಮ್ಮ ಮೇಲೆ ಎಳೆದ ಗೆರೆಯ ನೋವು ನನಗೂ ಇದೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಕನ್ನಡನಾಡಿಗೆ ಸೇರಲಿ ಎಂದು ಬರೆದು, ಅದು ಕಾಗದದಲ್ಲೇ ಉಳಿದ ಕಥೆಯನ್ನು ಕೇಳುತ್ತಲೇ ನಾನೂ ಬೆಳೆದವನು. ಗೆರೆ ಎಂದರೆ ನಮಗೆ ಮೈಯುರಿ. ಆದರೆ ರಾಜ್ಯಗಳ ಗೆರೆಯ ಮೇಲಿನ ಸಿಟ್ಟನ್ನು ಕಾಡಿನ ಗೇಟಿನ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ? ಒಂದು ಗೆರೆ ಬಲಿಷ್ಠರು ನಮ್ಮನ್ನು ಕೇಳದೆ ಎಳೆದದ್ದು. ಇನ್ನೊಂದು ಮಾತು ಬಾರದವುಗಳ ಪರವಾಗಿ ಎಳೆದದ್ದು. ಕೇಳದೆ ಗೆರೆ ಎಳೆಯುವುದರ ನೋವು ಬಲ್ಲ ನಾವು, ಆನೆಯ ಮನೆಯ ಗೆರೆಯನ್ನು ಅದನ್ನು ಕೇಳದೆ ದಾಟಬಾರದು.

ಆ ಪ್ರಾಣಿಗಳಿಗೂ ನಮ್ಮ ಹಾಗೆಯೇ ಎರಡು ರಾಜ್ಯದ ಪಾಡು ಇದೆ. ಹಾಸನ ಜಿಲ್ಲೆಯ ಬೇಲೂರು ಕಡೆ ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ, ಬಂಡೀಪುರದ ಕಾಡಿಗೆ ಬಿಟ್ಟ ಆನೆಯೊಂದು ಗಡಿ ದಾಟಿ ಬಂದು 2024ರ ಫೆಬ್ರವರಿ 10ರಂದು ಮಾನಂತವಾಡಿ ಸಮೀಪ ಮನೆಯೊಂದರ ಆವರಣಕ್ಕೇ ನುಗ್ಗಿ ಒಬ್ಬರನ್ನು ಕೊಂದಿತು. ಮಲಯಾಳ ಪತ್ರಿಕೆಗಳಲ್ಲಿ ಅದರ ಹೆಸರು 'ಬೇಲೂರು ಮಖ್ನಾ'. ಪರಿಹಾರದ ಹಣದ ಬಗ್ಗೆ, ತಪ್ಪು ಯಾರದೆಂಬುದರ ಬಗ್ಗೆ ವಿವಾದವೆದ್ದಿತು. ಅದೇ ತಿಂಗಳು ಕುರುವಾ ದ್ವೀಪದ ಪ್ರವಾಸಿ ಕೇಂದ್ರದಲ್ಲಿ ದುಡಿಯುತ್ತಿದ್ದ ನೌಕರರೊಬ್ಬರೂ ಆನೆಗೆ ಬಲಿಯಾದರು. ನಾವು ರಜೆ ಕಳೆಯಲು ಹೋಗುವ ಜಾಗದಲ್ಲಿ ಜನ ಹೀಗೆ ಸಾಯುತ್ತಿದ್ದಾರೆ. ಅವರ ಊರಿಗೆ ಇನ್ನಷ್ಟು ಕೆರಳಿದ ಆನೆಗಳನ್ನು ಅಟ್ಟುವ ಹಕ್ಕು ನಮಗೆ ಯಾರು ಕೊಟ್ಟರು?

ಎದುರು ವಾದಗಳಲ್ಲಿ ತೂಕವಿರುವುದು ಒಂದಕ್ಕೆ. "ರಿಸಾರ್ಟು ದುಡ್ಡಿದ್ದವರಿಗೆ. ನಮ್ಮಂಥವರಿಗೆ ಡೇರೆಯೇ ರಿಸಾರ್ಟು. ಅದನ್ನೂ ಬೇಡವೆಂದರೆ ಬೆಟ್ಟ ಶ್ರೀಮಂತರದ್ದೇ ಆಯಿತಲ್ಲ?" ಈ ಮಾತಿನಲ್ಲಿ ಸತ್ಯವಿದೆ. ಎಸ್ಟೇಟಿನೊಳಗೆ ಬೇಲಿ ಹಾಕಿ, ತೊರೆಗೆ ಅಡ್ಡ ಕಟ್ಟಿ, "ಕಾಡಿನ ನಡುವೆ ಒಂದು ರಾತ್ರಿ" ಎಂದು ಜಾಹೀರಾತು ಕೊಟ್ಟು ನಮ್ಮ ಒಂದು ತಿಂಗಳ ಸಂಬಳವನ್ನು ಎರಡು ದಿನಕ್ಕೆ ಕೇಳುವವರಿದ್ದಾರೆ. ಬಡವನ ಡೇರೆಗೆ ಬೇಡ ಎಂದ ಸರಕಾರ ಅವರ ಗಾಜಿನ ಕೋಣೆಗೆ ಹೂಂ ಎಂದರೆ ಅದು ನಿಯಮವಲ್ಲ, ಸುಂಕ. ಆದುದರಿಂದ ನನ್ನ ವಾದ ಇಬ್ಬರಿಗೂ ಒಂದೇ: ಕಾಡಿನ ನೀರಿನ ದಂಡೆಯಲ್ಲಿ ರಾತ್ರಿ ಯಾರೂ ಬೇಡ, ಐನೂರು ಕೊಟ್ಟವನೂ ಬೇಡ, ಐವತ್ತು ಸಾವಿರ ಕೊಟ್ಟವನೂ ಬೇಡ. ಬಡವನಿಗೆ ಬೇಕಾದದ್ದು ಆನೆದಾರಿಯಲ್ಲಿ ಒಂದು ಡೇರೆಯಲ್ಲ. ಪೇಟೆಯಲ್ಲಿ ಕಡಿಮೆ ಬಾಡಿಗೆಯ ಶುಚಿಯಾದ ಒಂದು ಕೋಣೆ, ಬೆಳಿಗ್ಗೆ ಕೆರೆಗೆ ಹೋಗುವ ಒಂದು ಬಸ್ಸು, ಹೆಂಗಸರಿಗೆ ಬೀಗವಿರುವ ಶೌಚಾಲಯ. ಇದನ್ನು ಕೇಳಲು ನಾವು ಗಂಟಲು ತೆರೆಯಬೇಕು.

ನಿಯಮಗಳು ಬಂದರೆ ಮನಸ್ಸು ಬಂದಾಗ ಹೊರಡುವ ಸುಖ ಹೋಯಿತು ಎಂದು ಗೊಣಗುವವರಿಗೆ ಇನ್ನೊಂದು ಮಾತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗಳಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಜೂನ್ ತನಕ ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳೆಂದು ಮಿತಿ ಹಾಕಿದರು. 2024ರ ಜನವರಿಯ ಗಣರಾಜ್ಯ ದಿನದ ರಜೆಯಲ್ಲಿ ನಮ್ಮ ನೆರೆಯ ಕುಮಾರಪರ್ವತಕ್ಕೆ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಕರ್ನಾಟಕ ಸರಕಾರವೂ ಮುಂಗಡ ಬುಕಿಂಗ್ ಇಲ್ಲದ ಚಾರಣವನ್ನು ತಡೆಯಿತು. ಇವುಗಳನ್ನು ಬೈಯುವ ಮೊದಲು ಒಂದನ್ನು ಗಮನಿಸಿ: ಊಟಿಗೆ ಸರಕಾರಿ ಬಸ್ಸಿನಲ್ಲಿ ಹೋಗುವವನಿಗೆ ಇ-ಪಾಸ್ ಬೇಕಾಗಲಿಲ್ಲ. ಮನಸ್ಸು ಬಂದಾಗ ಹೊರಡುವ ಸುಖ ಕಾರಿನವನಿಗೆ ಕಡಿಮೆಯಾಯಿತು, ಬಸ್ಸಿನವನಿಗೆ ಹಾಗೆಯೇ ಉಳಿಯಿತು. ಬಡವರ ಹೆಸರಿನಲ್ಲಿ ನಿಯಮಗಳನ್ನು ವಿರೋಧಿಸುವವರು ಹೆಚ್ಚಾಗಿ ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಮಾತನಾಡುತ್ತಿರುತ್ತಾರೆ.

"ಹಾಗಾದರೆ ಮಕ್ಕಳಿಗೆ ಪ್ರಕೃತಿ ತೋರಿಸುವುದು ಬೇಡವೇ?" ಬೇಕು, ಖಂಡಿತ ಬೇಕು. ಆದರೆ ಪ್ರಕೃತಿ ಎಂಬುದು ವಯನಾಡಿನ ಗೇಟಿನಿಂದಲೇ ಶುರುವಾಗುತ್ತದೆ ಎಂದು ಯಾರು ಹೇಳಿದರು? ನಮ್ಮ ಮುರಕಲ್ಲಿನ ಗುಡ್ಡೆಗಳ ಮೇಲೆ ಮಳೆಗಾಲದಲ್ಲಿ ನೀರು ತುಂಬಿ ನಿಲ್ಲುವ ಪಳ್ಳಗಳಿವೆ. ಎಷ್ಟು ಮಕ್ಕಳು ಅವುಗಳ ದಂಡೆಯಲ್ಲಿ ಕೂತು ಕಪ್ಪೆಮರಿ ನೋಡಿದ್ದಾರೆ? ಎಷ್ಟನ್ನು ನಾವೇ ಮಣ್ಣು ತುಂಬಿಸಿ ಸೈಟು ಮಾಡಿದ್ದೇವೆ? ಪೊಸಡಿಗುಂಪೆಯ ಮೇಲಿನ ಗಾಳಿಗೆ ಟಿಕೆಟ್ ಇಲ್ಲ. ಗುಡ್ಡೆಯ ಹೊಟ್ಟೆ ಕೊರೆದು ನೀರು ತಂದ ಸುರಂಗಗಳು ನಮ್ಮ ತೋಟಗಳಲ್ಲೇ ಇವೆ. ಕುಂಬಳೆ ಬಳಿಯ ಅನಂತಪುರದ ಕೆರೆಯನ್ನೇ ನೋಡಿ. ಬಬಿಯಾ ಎಂಬ ಮೊಸಳೆ ಅಲ್ಲಿ ಎಷ್ಟೋ ಕಾಲ ಬದುಕಿ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಎರಡೂ ಭಾಷೆಯ ಜನ ಸಾಲುಗಟ್ಟಿ ಬಂದು ಕೈಮುಗಿದರು. ಅಷ್ಟು ವರ್ಷ ಜನರೂ ಮೊಸಳೆಯೂ ಒಂದೇ ಕೆರೆಯ ಬಳಿ ಬಾಳಲು ಕಾರಣವೇನು? ಜನ ಹೊತ್ತು ನೋಡಿ ಬಂದರು, ದಂಡೆಯಲ್ಲಿ ನಿಂತು ನೋಡಿದರು, ಹೊತ್ತು ನೋಡಿ ಹಿಂತಿರುಗಿದರು. ಸಂಜೆಯ ಮೇಲೆ ಕೆರೆಯ ಕಡೆ ಸುಳಿಯಬೇಡಿ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದನ್ನು ಮೂಢನಂಬಿಕೆ ಎಂದು ನಾವು ನಕ್ಕೆವು. ಅರಣ್ಯ ಇಲಾಖೆ ಅದನ್ನೇ ಫಲಕದಲ್ಲಿ ಬರೆದರೆ ದಬ್ಬಾಳಿಕೆ ಎನ್ನುತ್ತೇವೆ.

ಕೆರೆ ಎಂದರೆ ನೀರು ತುಂಬಿದ ಗುಂಡಿಯಷ್ಟೇ ಅಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದ ಪೂಕೋಡು ಕೆರೆಯಲ್ಲಿ ಒಂದು ಪುಟ್ಟ ಮೀನಿದೆ. ಪೂಕೋಡಿನ ಹೆಸರನ್ನೇ ಹೊತ್ತ ಆ ಮೀನನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿ ಹೆಸರಿಟ್ಟರು. ಅದು ಕಂಡದ್ದು ಆ ಕೆರೆಯಲ್ಲಿ ಮಾತ್ರ. ದಂಡೆಯಲ್ಲಿ ನಾವು ತಟ್ಟೆ ತೊಳೆದ ಸಾಬೂನು ನೀರು ಅದರ ಇಡೀ ಲೋಕಕ್ಕೆ ಇಳಿಯುತ್ತದೆ. ಆ ಕೆರೆಯಿಂದ ಹೊರಟ ನೀರು ಪನಮರಂ ಹೊಳೆಯಾಗಿ, ಕಬಿನಿಯಾಗಿ, ಹೆಗ್ಗಡದೇವನಕೋಟೆ, ನಂಜನಗೂಡು ದಾಟಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕನ್ನಡನಾಡಿನಿಂದ ಬಂದು ಇಲ್ಲಿ ಕೊಳೆ ತೊಳೆದವರು ಅದನ್ನು ತಮ್ಮ ಊರಿಗೇ ಕಳಿಸಿಕೊಡುತ್ತಿದ್ದಾರೆ. ಇನ್ನು ಬೇಸಗೆಯ ನೀಲಿ ಆಕಾಶದ ಕೆಳಗೆ ಕಾಣುವ ಬೆಟ್ಟವೇ ಪೂರ್ತಿ ಬೆಟ್ಟವೂ ಅಲ್ಲ. 2024ರ ಜುಲೈ 30ರ ನಸುಕಿನಲ್ಲಿ ಅದೇ ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿ ಹೋದದ್ದನ್ನು ನಾವೆಲ್ಲ ಕಂಡೆವು. ಬೆಟ್ಟದ ಮುಂದೆ ಸ್ವಲ್ಪ ತಗ್ಗಿ ನಡೆಯುವುದನ್ನು ಆಮೇಲಾದರೂ ಕಲಿಯಬೇಕಿತ್ತು.

ಬರೀ ಬೇಡ ಬೇಡ ಎಂದು ಹೇಳಿ ಮುಗಿಸುವುದು ನನ್ನ ಉದ್ದೇಶವಲ್ಲ. ನಮ್ಮ ಕನ್ನಡ ಸಂಘಗಳಿಗೂ ಶಾಲೆಗಳ ರಕ್ಷಕ ಶಿಕ್ಷಕ ಸಂಘಗಳಿಗೂ ಕೆಲವು ಸಲಹೆಗಳಿವೆ. ನಮ್ಮಲ್ಲಿ ಬೇಸಗೆ ಶಿಬಿರ ಎಂದರೆ ಮಕ್ಕಳು ಶಾಲೆಯಲ್ಲಿ ಸೇರಿ ಹಾಡು, ಯಕ್ಷಗಾನದ ಹೆಜ್ಜೆ, ಮಣ್ಣಿನ ಕೆಲಸ ಕಲಿಯುವುದು. ಆ ಶಿಬಿರವನ್ನೇ ಒಂದು ಹೆಜ್ಜೆ ಮುಂದೆ ಒಯ್ಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ವಯನಾಡಿನ ಶಾಲೆಗಳೂ ಖಾಲಿ ಇರುತ್ತವೆ. ಅಲ್ಲಿಯ ಯಾವುದಾದರೂ ಶಾಲೆಯ ಒಪ್ಪಿಗೆ ಪಡೆದು ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ದು ಎರಡು ರಾತ್ರಿ ಅಲ್ಲಿ ಮಲಗಿಸಿ, ಹಗಲು ಕೆರೆ ತೋರಿಸಿ. ಬೆಟ್ಟವನ್ನು ವಿವರಿಸಲು ಟೂರಿಸ್ಟ್ ಗೈಡ್ ಬೇಡ. ವಾಚರ್‌ಗಳನ್ನು ಕರೆದು ಗೌರವಧನ ಕೊಟ್ಟು ಮಾತನಾಡಿಸಿ. ಅವರಲ್ಲಿ ಕಾಟ್ಟುನಾಯಕರಂಥ, ಕನ್ನಡಕ್ಕೆ ಹತ್ತಿರದ ಮಾತನಾಡುವ ಜನರಿದ್ದರೆ ನಮ್ಮ ಮಕ್ಕಳಿಗೆ ಅದೂ ಒಂದು ಪಾಠ.

ಎರಡನೆಯದು, ಫಲಕಗಳು. ನಾನು ಆ ಗೇಟಿನಲ್ಲಿ ಕಂಡ ಫಲಕದಲ್ಲಿ ಕನ್ನಡ ಇರಲಿಲ್ಲ. ಕರ್ನಾಟಕದಿಂದ ಇಷ್ಟೊಂದು ಜನ ಬರುವ ಕಾಡಿನ ಬಾಗಿಲಲ್ಲಿ ಎಚ್ಚರಿಕೆಯ ಮಾತು ಕನ್ನಡದಲ್ಲೂ ಇರಬೇಕು. ಕಾಸರಗೋಡಿನ ಕಚೇರಿಗಳಲ್ಲಿ ಕನ್ನಡ ಫಲಕಕ್ಕಾಗಿ ನಾವು ಮನವಿ ಕೊಡುತ್ತಲೇ ಬಂದಿದ್ದೇವೆ. ಅದು ನಮ್ಮ ಹಕ್ಕಿನ ಪ್ರಶ್ನೆ. ಇದು ಜೀವದ ಪ್ರಶ್ನೆ. ಮುಂದಿನ ಮನವಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಿ. ಬರೆದುಕೊಡಲು ಕನ್ನಡ ಬಲ್ಲವರು ಬೇಕೆಂದರೆ ನಮ್ಮ ಅಧ್ಯಾಪಕರು ಸಿದ್ಧರಿರುತ್ತಾರೆ.

ಮೂರನೆಯದು ಪ್ರತಿ ಮನೆಗೆ. ಮುಂದಿನ ರಜೆಯಲ್ಲಿ ಘಟ್ಟದ ಮೇಲಿನಿಂದ, ಮಂಗಳೂರಿನಿಂದ ನೆಂಟರು ಬಂದು "ನಿಮಗೆ ಮಲಯಾಳ ಬರ್ತದಲ್ಲ, ಸ್ವಲ್ಪ ಮಾತಾಡಿ" ಎಂದಾಗ ಸಂಕೋಚಪಡಬೇಡಿ. ಬರುತ್ತದೆ, ಮಾತನಾಡುತ್ತೇವೆ ಎನ್ನಿ. ಬಸ್ಸು ಎಷ್ಟು ಗಂಟೆಗೆ, ಲಾಡ್ಜು ಎಲ್ಲಿ, ಕೆರೆಗೆ ಬಿಡುವುದು ಎಷ್ಟು ಹೊತ್ತಿನವರೆಗೆ, ಇವೆಲ್ಲವನ್ನು ಕೇಳಿ ತಿಳಿಸಿ. ಫಲಕ ಓದಿ ಹೇಳಿ. ವಾಚರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಕನ್ನಡ ಮಾಡಿ. ಅಲ್ಲಿಗೆ ನಿಲ್ಲಿಸಿ. ಎರಡು ಭಾಷೆ ಬಲ್ಲವರೆಂಬ ಭಾಗ್ಯ ನಮಗೆ ಸಿಕ್ಕಿದ್ದು ಬಹಳ ನೋವಿನ ದಾರಿಯಿಂದ. ಗೇಟು ಕಾಯುವ ಬಡ ಮನುಷ್ಯನ ಮನವೊಲಿಸಲು, ಅವನ ಕೆಲಸಕ್ಕೆ ಕುತ್ತು ತರಲು, ನೀರಿಗೆ ಬರುವ ಹಿಂಡಿನ ದಾರಿ ಕಟ್ಟಲು ಅದನ್ನು ಖರ್ಚು ಮಾಡಬಾರದು.